ಸಾಂಕ್ರಾಮಿಕ ಕಾಲದ ಸರ್ಕಾರಿ ನೆರವು: ಕೋವಿಡ್ ವರ್ಷಗಳ ಕರ್ನಾಟಕ

ಭಾರತದಲ್ಲಿ ಕೋವಿಡ್‌ಗೆ ಮೊದಲ ಬಲಿಯಾದವರು ಕಲಬುರಗಿಯ ಹಿರಿಯರೊಬ್ಬರು; 2020ರ ಮಾರ್ಚ್ 10ರಂದು. ಅದಾಗಿ ಹದಿನೈದು ದಿನಕ್ಕೆ ಇಡೀ ದೇಶದ ಬಾಗಿಲು ಮುಚ್ಚಿತು. ಲಾಕ್‌ಡೌನಿನ ಮೊದಲ ದಿನವಾದ ಮಾರ್ಚ್ 25 ಯುಗಾದಿ. ಹಬ್ಬದ ಮಾರಾಟವನ್ನೇ ನಂಬಿದ್ದ ಸೇವಂತಿಗೆ, ಚೆಂಡುಹೂವಿನ ಬೆಳೆಗಾರರು ಹೂವನ್ನು ಗಿಡದಲ್ಲೇ ಬಿಟ್ಟರು. ಆಟೊ ನಿಂತಿತು, ಕ್ಷೌರದಂಗಡಿಯ ಷಟರ್ ಇಳಿಯಿತು, ಕಟ್ಟಡದ ಕೆಲಸ ಅರ್ಧಕ್ಕೆ ನಿಂತಿತು. ಅಂದಿನ ದುಡಿಮೆಯನ್ನು ಅಂದೇ ಉಣ್ಣುವ ಕೋಟ್ಯಂತರ ಮನೆಗಳ ಮುಂದೆ ಒಂದೇ ಪ್ರಶ್ನೆ ಉಳಿಯಿತು: ಸರ್ಕಾರದಿಂದ ಏನಾದರೂ ಸಿಗುತ್ತದೆಯೇ, ಸಿಗುವುದಾದರೆ ಎಲ್ಲಿ, ಯಾರನ್ನು ಕೇಳಬೇಕು?

ಸಾಂಕ್ರಾಮಿಕ ರೋಗ ಹಬ್ಬಿದಾಗ, ರೋಗದಿಂದಲೋ ಅದನ್ನು ತಡೆಯಲು ಹಾಕಿದ ನಿರ್ಬಂಧಗಳಿಂದಲೋ ದುಡಿಮೆ ಕಳೆದುಕೊಂಡವರಿಗೆ ಸರ್ಕಾರ ಕೊಡುವ ಹಣ, ಧಾನ್ಯ, ಸಾಲ, ಸಾಲದ ರಿಯಾಯಿತಿ, ಕೂಲಿ ಕೆಲಸ ಮತ್ತು ಸಾವಿನ ಪರಿಹಾರ, ಇವೆಲ್ಲ ಸೇರಿ ಸಾಂಕ್ರಾಮಿಕ ಕಾಲದ ಹಣಕಾಸು ನೆರವು. ಕೋವಿಡ್ ಕಾಲದಲ್ಲಿ ಇದು ಹಿಂದೆಂದೂ ಕಾಣದ ಪ್ರಮಾಣದಲ್ಲಿ ನಡೆಯಿತು. ವಿಶ್ವಬ್ಯಾಂಕಿನ ಅಧ್ಯಯನಕಾರರ ಲೆಕ್ಕದಲ್ಲಿ ಜಗತ್ತಿನ ಸುಮಾರು ಆರು ಜನರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಬಗೆಯ ನಗದು ನೆರವು ತಲುಪಿತು. ಆದರೆ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದನ್ನು ಹಸಿವಿನ ತೀವ್ರತೆಯೊಂದೇ ನಿರ್ಧರಿಸಲಿಲ್ಲ. ಸಂಕಟ ಬರುವ ಮೊದಲೇ ಯಾವುದಾದರೂ ಸರ್ಕಾರಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ನೆರವು ಬೇಗ ಬಂತು. ಹೆಸರಿಲ್ಲದವರು, ಊರೆಲ್ಲ ಮುಚ್ಚಿದ್ದ ಹೊತ್ತಿನಲ್ಲಿ, ತಾವು ಯಾರು, ಏನು ಕೆಲಸ ಮಾಡುತ್ತೇವೆ ಎಂಬುದಕ್ಕೆ ಪುರಾವೆ ಹುಡುಕಿಕೊಂಡು ಅಲೆಯಬೇಕಾಯಿತು.

ಕಾನೂನು ಏನು ಹೇಳುತ್ತದೆ

ಮುಂಬಯಿ ಪ್ರಾಂತ್ಯದ ಪ್ಲೇಗಿನ ಕಾಲದಲ್ಲಿ ಬ್ರಿಟಿಷ್ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ತಪಾಸಣೆ ಮಾಡುವ, ಜನರನ್ನು ಪ್ರತ್ಯೇಕಿಸುವ, ಓಡಾಟ ತಡೆಯುವ ಅಧಿಕಾರವನ್ನು ಅದು ಧಾರಾಳವಾಗಿ ಕೊಟ್ಟಿದೆ. ಖರ್ಚುವೆಚ್ಚದ ಮಾತು ಬರುವಾಗ ಪರಿಹಾರದ ಪ್ರಸ್ತಾಪ ಕಂಸದೊಳಗೆ, ಅದೂ ‘ಇದ್ದರೆ’ ಎಂಬ ಷರತ್ತಿನೊಂದಿಗೆ ಬಂದುಹೋಗುತ್ತದೆ. ಮನೆಯಲ್ಲಿ ಕೂರಿಸಿದವರಿಗೆ ಅನ್ನ ಹಾಕಬೇಕೆಂಬ ಕರ್ತವ್ಯವನ್ನು ಆ ಕಾಯ್ದೆ ಯಾರ ಮೇಲೂ ಹೊರಿಸಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ದಾರಿಯೇ ಬೇರೆ. ವಿಪತ್ತಿಗೆ ತುತ್ತಾದವರಿಗೆ ಕೊಡಬೇಕಾದ ಕನಿಷ್ಠ ಪ್ರಮಾಣದ ಪರಿಹಾರಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ರೂಪಿಸಬೇಕೆಂದು ಅದರ 12ನೇ ಕಲಂ ಹೇಳುತ್ತದೆ. ಜೀವಹಾನಿಗೆ ಕೊಡುವ ಪರಿಹಾರಧನವೂ ಅದರಲ್ಲಿ ಸೇರಿದೆ. 2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯವು ಕೋವಿಡ್ಡನ್ನು ವಿಪತ್ತೆಂದು ಪರಿಗಣಿಸಿ ಆದೇಶ ಹೊರಡಿಸಿತು. ಮೊದಲ ಆದೇಶದಲ್ಲಿ ಪ್ರತಿ ಸಾವಿಗೆ 4 ಲಕ್ಷ ರೂಪಾಯಿ ಪರಿಹಾರವಿತ್ತು. ಅದೇ ದಿನ ಬಂದ ಪರಿಷ್ಕೃತ ಆದೇಶದಲ್ಲಿ ಆ ಸಾಲು ಕಾಣೆಯಾಗಿತ್ತು. ಮುಂದೆ ಸುಪ್ರೀಂ ಕೋರ್ಟಿನವರೆಗೆ ಹೋದ ವಿವಾದದ ಬೇರು ಇಲ್ಲಿದೆ.

ಕೇಂದ್ರದ ಮೊದಲ ಪ್ಯಾಕೇಜು

ಮಾರ್ಚ್ 26ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 1.70 ಲಕ್ಷ ಕೋಟಿ ರೂಪಾಯಿಯ ‘ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್’ ಪ್ಯಾಕೇಜನ್ನು ಪ್ರಕಟಿಸಿದರು. ಸುಮಾರು 80 ಕೋಟಿ ಪಡಿತರ ಫಲಾನುಭವಿಗಳಿಗೆ ತಲಾ 5 ಕೆ.ಜಿ. ಅಕ್ಕಿ ಅಥವಾ ಗೋಧಿ, ಮನೆಗೆ 1 ಕೆ.ಜಿ. ಬೇಳೆ, ಮೂರು ತಿಂಗಳು ಉಚಿತ. ಜನಧನ ಖಾತೆಯಿರುವ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ. ಬಡ ವೃದ್ಧರು, ವಿಧವೆಯರು ಮತ್ತು ಅಂಗವಿಕಲರಿಗೆ ಒಟ್ಟು 1,000 ರೂಪಾಯಿ. ಉಜ್ವಲಾ ಫಲಾನುಭವಿಗಳಿಗೆ ಮೂರು ಸಿಲಿಂಡರ್. ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತು ಏಪ್ರಿಲ್ ಆರಂಭದಲ್ಲೇ ರೈತರ ಖಾತೆಗೆ. ಈ ಕೊನೆಯದು ಹೊಸ ದುಡ್ಡೇನಲ್ಲ, ಹೇಗೂ ಬರಬೇಕಿದ್ದ ಕಂತು ಮುಂಚಿತವಾಗಿ ಬಂದದ್ದು.

ಈ ಯಾವುದಕ್ಕೂ ಅರ್ಜಿ ಹಾಕಬೇಕಿರಲಿಲ್ಲ ಎಂಬುದು ಪ್ಯಾಕೇಜಿನ ದೊಡ್ಡ ಬಲ. ಜನಧನ ಹಣ ತೆಗೆಯಲು ಬ್ಯಾಂಕಿನ ಮುಂದೆ ನೂಕುನುಗ್ಗಲಾಗಬಾರದೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿಯ ಪ್ರಕಾರ ದಿನ ಹಂಚಿದರು: 0 ಅಥವಾ 1 ಇದ್ದವರಿಗೆ ಏಪ್ರಿಲ್ 3, 2 ಅಥವಾ 3 ಇದ್ದವರಿಗೆ ಏಪ್ರಿಲ್ 4, ಹೀಗೆ 9ರವರೆಗೆ. ಬ್ಯಾಂಕ್ ದೂರವಿದ್ದ ಹಳ್ಳಿಗಳಲ್ಲಿ ಅಂಚೆಯಣ್ಣ ಬೆರಳಚ್ಚಿನ ಯಂತ್ರ ಹಿಡಿದು ಮನೆ ಬಾಗಿಲಿಗೇ ಬಂದು ನಗದು ಕೊಟ್ಟದ್ದೂ ಉಂಟು. ಆ ದಿನಗಳಲ್ಲಿ ಅಂಚೆ ಇಲಾಖೆ ಮಾಡಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಅರ್ಜಿ ಬೇಡದ ಈ ವ್ಯವಸ್ಥೆಯ ದೌರ್ಬಲ್ಯವೂ ಅಲ್ಲೇ ಇತ್ತು. ಬಡ ಮನೆಯ ಹೆಣ್ಣುಮಗಳಿಗೆ ಬ್ಯಾಂಕಿನಲ್ಲಿ ಸಾಮಾನ್ಯ ಉಳಿತಾಯ ಖಾತೆಯಿದ್ದು ಅದು ಜನಧನ ಖಾತೆಯಲ್ಲದಿದ್ದರೆ 500 ರೂಪಾಯಿ ಬರಲಿಲ್ಲ. ದೇಶದ ಬಡ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ನೆರವಿನಿಂದ ಹೊರಗುಳಿಯಬಹುದೆಂದು ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಆ ಏಪ್ರಿಲ್‌ನಲ್ಲೇ ಅಂದಾಜಿಸಿದ್ದರು. ಪಡಿತರದ ಕಥೆಯೂ ಇಂಥದ್ದೇ. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ 2011ರ ಜನಗಣತಿಯ ಮೇಲೆ ನಿಂತಿದೆ. ಒಂಬತ್ತು ವರ್ಷಗಳಲ್ಲಿ ಬೆಳೆದ ಜನಸಂಖ್ಯೆಯನ್ನು ಲೆಕ್ಕ ಹಾಕದ್ದರಿಂದ 10 ಕೋಟಿಗೂ ಹೆಚ್ಚು ಜನ ಆ ವ್ಯಾಪ್ತಿಯಿಂದ ಹೊರಗಿದ್ದಾರೆಂದು ಜಾನ್ ಡ್ರೆಜ್, ರೀತಿಕಾ ಖೇರಾ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಉಚಿತ ಧಾನ್ಯದ ಯೋಜನೆ ಮತ್ತೆ ಮತ್ತೆ ಮುಂದುವರಿದು 2022ರ ಡಿಸೆಂಬರ್‌ವರೆಗೆ ನಡೆಯಿತು. ಕೋಟ್ಯಂತರ ಮನೆಗಳ ಒಲೆ ಉರಿದದ್ದು ಅದರಿಂದಲೇ. ಕಾರ್ಡ್ ಇಲ್ಲದ ಮನೆಗೆ ಮಾತ್ರ ಅದು ಬರಲಿಲ್ಲ.

ಇನ್ನು ಉದ್ಯೋಗ ಖಾತರಿ. 2020ರ ಮೇ ತಿಂಗಳಲ್ಲಿ ಅದಕ್ಕೆ 40,000 ಕೋಟಿ ರೂಪಾಯಿ ಹೆಚ್ಚುವರಿಯಾಗಿ ಕೊಟ್ಟರು. ಕರ್ನಾಟಕದಲ್ಲಿ ದಿನಗೂಲಿ 249ರಿಂದ 275 ರೂಪಾಯಿಗೆ ಏರಿತು. ನಗರದಿಂದ ಊರಿಗೆ ಮರಳಿದವರು ಪಂಚಾಯಿತಿಯಲ್ಲಿ ಜಾಬ್ ಕಾರ್ಡ್ ಮಾಡಿಸಿಕೊಂಡು ಕೆರೆ ಹೂಳೆತ್ತಲು, ಬದು ಹಾಕಲು ಇಳಿದರು. ಆ ವರ್ಷ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಯೋಜನೆ ಶುರುವಾದಂದಿನಿಂದ ಅಷ್ಟು ಕೆಲಸ ಯಾವ ವರ್ಷವೂ ನಡೆದಿರಲಿಲ್ಲ. ಕೆಲಸ ಬೇಕೆಂದು ಬಂದು ಕೇಳಿದವರಿಗೆ ಇಲ್ಲವೆನ್ನದೆ ಕೊಡಬೇಕೆಂದು ಕಾನೂನೇ ಹೇಳುತ್ತಿದ್ದ ಈ ಯೋಜನೆ ಉಳಿದೆಲ್ಲಕ್ಕಿಂತ ಬೇಗ ಹೊಸಬರನ್ನು ಒಳಗೆ ಬಿಟ್ಟುಕೊಂಡದ್ದು ಆಕಸ್ಮಿಕವಲ್ಲ.

ಕರ್ನಾಟಕದ ಪ್ಯಾಕೇಜುಗಳು

2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜನ್ನು ಪ್ರಕಟಿಸಿದರು. ವೃತ್ತಿಗಳನ್ನು ಹೆಸರು ಹಿಡಿದು ಕರೆದದ್ದು ಅದರ ವಿಶೇಷ. 60,000 ಅಗಸರಿಗೆ, 2,30,000 ಕ್ಷೌರಿಕರಿಗೆ, 7,75,000 ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದು ಬಾರಿಗೆ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಂದು ಹೆಕ್ಟೇರಿನ ಮಿತಿಯಲ್ಲಿ. ಕೈಮಗ್ಗದವರಿಗೆ ‘ನೇಕಾರ ಸಮ್ಮಾನ್’ ಯೋಜನೆಯಡಿ ವರ್ಷಕ್ಕೆ 2,000. ಕಟ್ಟಡ ಕಾರ್ಮಿಕರಿಗೆ ಆಗಲೇ ಕೊಡುತ್ತಿದ್ದ 2,000ದ ಮೇಲೆ ಇನ್ನೂ 3,000. ಕೆಲವೇ ದಿನಗಳಲ್ಲಿ ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ಸೇರಿಕೊಂಡವು.

ಅದೇ ವಾರ ರಾಜ್ಯ ಇನ್ನೊಂದು ನಿರ್ಧಾರ ತೆಗೆದುಕೊಂಡಿತ್ತು. ಬಿಲ್ಡರುಗಳ ಜೊತೆ ಮುಖ್ಯಮಂತ್ರಿಯ ಸಭೆ ನಡೆದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ಶ್ರಮಿಕ ರೈಲುಗಳು ಬೇಡವೆಂದು ಮೇ 5ರಂದು ರೈಲ್ವೆಗೆ ಪತ್ರ ಹೋಯಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದ ಎಷ್ಟೋ ಜನರ ಹೆಸರು ಇಲ್ಲಿನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಪುಸ್ತಕದಲ್ಲಿರಲಿಲ್ಲ. ಹಾಗಾಗಿ ಅವರ ಹೆಸರಿನಲ್ಲಿ ಘೋಷಣೆಯಾದ ಹಣ ಅವರಿಗೆ ಸಿಗದು. ಆ ಎರಡು ದಿನ ಊರಿಗೆ ಹೋಗುವ ರೈಲೂ ಇರಲಿಲ್ಲ. ಕೋವಿಡ್ ಕಾಲದ ಕರ್ನಾಟಕದ ಆಡಳಿತದಲ್ಲಿ ಇದರಷ್ಟು ನೋವು ತರುವ ಪುಟ ಇನ್ನೊಂದಿಲ್ಲ.

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಗೆ ಮತ್ತೆ ನಿರ್ಬಂಧ ಬಂತು. ನೆರವಿನ ಘೋಷಣೆ ಬಂದದ್ದು ಮೇ 19ರಂದು, ಅಂದರೆ ಮೂರು ವಾರ ತಡವಾಗಿ. 1,250 ಕೋಟಿ ರೂಪಾಯಿಯ ಆ ಪ್ಯಾಕೇಜಿನಲ್ಲಿ ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ, ಕಲಾವಿದರಿಗೆ ತಲಾ 3,000. ಅಸಂಘಟಿತ ವಲಯದ ಕೆಲಸಗಾರರಿಗೂ ಬೀದಿ ವ್ಯಾಪಾರಿಗಳಿಗೂ ತಲಾ 2,000. ಹೂವು, ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 10,000. ಜೂನ್ 3ರಂದು ಇನ್ನೂ 500 ಕೋಟಿ ಸೇರಿಸಿದರು. ಮೀನುಗಾರರು, ವಿದ್ಯುತ್ ಮಗ್ಗದ ನೇಕಾರರು, ಸಿನಿಮಾ ಮತ್ತು ಕಿರುತೆರೆಯ ಕೆಲಸಗಾರರು, ಮುಜರಾಯಿ ದೇವಸ್ಥಾನಗಳ ಅರ್ಚಕರು ಮತ್ತು ಅಡುಗೆಯವರು, ಮಸೀದಿಗಳ ಪೇಷ್ ಇಮಾಮರು ಮತ್ತು ಮುಅಜ್ಜಿನರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಅನುದಾನರಹಿತ ಶಾಲೆಗಳ ಶಿಕ್ಷಕರು ಅದರಲ್ಲಿದ್ದರು. ಶಿಕ್ಷಕರಿಗೆ 5,000, ಅಂಗನವಾಡಿಯವರಿಗೆ 2,000, ಉಳಿದವರಿಗೆ ಬಹುಪಾಲು 3,000. ಸಂಬಳವೇ ನಿಂತುಹೋಗಿ ತರಕಾರಿ ಮಾರಲು ಕೂತಿದ್ದ ಖಾಸಗಿ ಶಾಲಾ ಶಿಕ್ಷಕರನ್ನು ಸರ್ಕಾರ ನೆರವಿಗೆ ಅರ್ಹರೆಂದು ಗುರುತಿಸಿದ್ದು ಹೀಗೆ, ಎರಡನೇ ವರ್ಷದಲ್ಲಿ.

ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2020ರಲ್ಲಿ 7.75 ಲಕ್ಷವಿದ್ದ ಚಾಲಕರ ಸಂಖ್ಯೆ 2021ರ ಘೋಷಣೆಯಲ್ಲಿ 2.10 ಲಕ್ಷ. 2020ರಲ್ಲಿ ಅಗಸರು ಮತ್ತು ಕ್ಷೌರಿಕರೇ 2.90 ಲಕ್ಷ, 2021ರಲ್ಲಿ ಅವರ ಜೊತೆ ದರ್ಜಿಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಕಮ್ಮಾರರು, ಮೆಕ್ಯಾನಿಕ್‌ಗಳು, ಮನೆಗೆಲಸದವರು ಎಲ್ಲರೂ ಸೇರಿ 3.04 ಲಕ್ಷ. ಒಂದೇ ವರ್ಷದಲ್ಲಿ ಇಷ್ಟು ಜನ ಕಸುಬು ಬಿಟ್ಟಿರಲಾರರು. ನಾಡಿನಲ್ಲಿರುವ ದುಡಿಯುವವರ ಅಂದಾಜಿಗೂ ದಾಖಲೆ ಒಪ್ಪಿಸಿ ನೆರವು ಪಡೆಯಬಲ್ಲವರ ಲೆಕ್ಕಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಈ ಅಂಕಿಗಳಲ್ಲಿ ಕಾಣುತ್ತದೆ.

ಅರ್ಜಿಯ ದಾರಿ

ರಾಜ್ಯದ ಹೆಚ್ಚಿನ ನೆರವಿಗೆ ಸೇವಾ ಸಿಂಧು ಪೋರ್ಟಲ್ ಹೆಬ್ಬಾಗಿಲಾಯಿತು. ಚಾಲಕರು ಆಧಾರ್, ಚಾಲನಾ ಪರವಾನಗಿ, ವಾಹನದ ವಿವರ ತುಂಬಬೇಕಿತ್ತು. ಸ್ವಂತ ಆಟೊ ಇದ್ದವರಿಗೆ ಇದು ಕಷ್ಟವಲ್ಲ. ದಿನ ಬಾಡಿಗೆಗೆ ಬೇರೆಯವರ ಗಾಡಿ ಓಡಿಸುವವರು ಮಾಲೀಕರ ದಾಖಲೆಗೆ ಕಾಯಬೇಕಿತ್ತು. ಕ್ಷೌರಿಕರು, ಅಗಸರು ತಾವು ಆ ಕಸುಬಿನವರೆಂದು ಅಧಿಕಾರಿಯ ಸಹಿ ಇರುವ ಉದ್ಯೋಗ ದೃಢೀಕರಣ ಪತ್ರ ತರಬೇಕಿತ್ತು. ತಲೆಮಾರುಗಳಿಂದ ಒಂದೇ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದವರಿಗೆ ಅಂಥ ಕಾಗದ ಅದುವರೆಗೆ ಬೇಕೇ ಆಗಿರಲಿಲ್ಲ. ಅಸಂಘಟಿತ ಕಾರ್ಮಿಕರ ಹನ್ನೊಂದು ವರ್ಗಗಳಿಗೆ ಗುರುತಿನ ಕಾರ್ಡ್ ಕೊಡುವ ‘ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ’ ಯೋಜನೆ ರಾಜ್ಯದಲ್ಲಿ ಕೋವಿಡ್‌ಗೆ ಮೊದಲೇ ಇತ್ತು. ಆಗಲೇ ಎಲ್ಲರನ್ನೂ ನೋಂದಾಯಿಸಿದ್ದಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು.

ಕಟ್ಟಡ ಕಾರ್ಮಿಕರದು ಸ್ವಲ್ಪ ವಾಸಿ. 1996ರ ಕೇಂದ್ರ ಕಾಯ್ದೆಗಳ ಪ್ರಕಾರ ಕಟ್ಟಡದ ವೆಚ್ಚದ ಶೇ 1ರಷ್ಟನ್ನು ಸೆಸ್ ಆಗಿ ಸಂಗ್ರಹಿಸಿ ಕಲ್ಯಾಣ ಮಂಡಳಿಯಲ್ಲಿ ಇಡುತ್ತಿದ್ದರು. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ತಂದರೆ ಲೇಬರ್ ಕಾರ್ಡ್ ಸಿಗುತ್ತಿತ್ತು. ಹಣವೂ ಪಟ್ಟಿಯೂ ಮೊದಲೇ ಇದ್ದುದರಿಂದ ಇವರಿಗೆ ಕೊಡುವುದು ಬೇಗ ಶುರುವಾಯಿತು. ಆದರೂ 2020ರ ಮೇ ಹೊತ್ತಿಗೆ ನೋಂದಾಯಿತ 15.80 ಲಕ್ಷ ಕಾರ್ಮಿಕರಲ್ಲಿ 11.80 ಲಕ್ಷ ಜನರಿಗಷ್ಟೇ ಮೊದಲ 2,000 ತಲುಪಿತ್ತು. ಉಳಿದ 4 ಲಕ್ಷ ಜನರ ಬ್ಯಾಂಕ್ ಖಾತೆಯ ವಿವರ ತಾಳೆಯಾಗಬೇಕಿತ್ತು.

ರೈತರ ಪಟ್ಟಿ ಇನ್ನೂ ಗಟ್ಟಿ. ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿದ ರೈತನಿಗೆ ಎಫ್‌ಐಡಿ ಸಂಖ್ಯೆಯಿದೆ. ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆದಿದೆ ಎಂಬುದು ದಾಖಲಾಗುತ್ತದೆ. ತೊಡಕು ಬೇರೆಡೆ ಇತ್ತು. ಪಹಣಿ ಅಜ್ಜನ ಹೆಸರಿನಲ್ಲಿ, ಬೆಳೆ ಮೊಮ್ಮಗನದು. ಅಥವಾ ಜಮೀನು ಗುತ್ತಿಗೆಗೆ ಹಿಡಿದು ಹೂ ಬೆಳೆದವನ ಹೆಸರು ಎಲ್ಲೂ ಇಲ್ಲ. ಪರಿಹಾರ ಪಹಣಿಯ ಹಿಂದೆ ಹೋಗುತ್ತದೆ, ಬೆವರಿನ ಹಿಂದೆ ಹೋಗುವುದಿಲ್ಲ. 2020ರ ಆಗಸ್ಟ್‌ನಲ್ಲಿ ರೈತರೇ ಮೊಬೈಲ್‌ನಲ್ಲಿ ತಮ್ಮ ಬೆಳೆಯ ವಿವರ ಅಪ್‌ಲೋಡ್ ಮಾಡಲಿ ಎಂದು ‘ನನ್ನ ಬೆಳೆ ನನ್ನ ಹಕ್ಕು’ ಎಂಬ ಘೋಷಣೆಯಡಿ ಸರ್ಕಾರ ಅಭಿಯಾನ ನಡೆಸಿತು.

ಅರ್ಜಿ ಮಂಜೂರಾದ ಮೇಲೂ ಹಣ ಕೈಗೆ ಬಾರದೆ ಇದ್ದುದಕ್ಕೆ ಸಾಮಾನ್ಯ ಕಾರಣ ಒಂದಿತ್ತು. ಆಧಾರ್ ಆಧರಿಸಿದ ನೇರ ನಗದು ವರ್ಗಾವಣೆಯಲ್ಲಿ (ಡಿಬಿಟಿ) ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವಾಗಲೋ ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಹಣ ಅಲ್ಲಿ ಕೂತಿರುತ್ತದೆ; ಆ ಖಾತೆ ಮುಚ್ಚಿದ್ದರೆ ಖಜಾನೆಗೆ ಮರಳುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಯಾವ ಯೋಜನೆಯ ಹಣ ಯಾವ ದಿನ ಜಮೆಯಾಯಿತು ಎಂಬುದನ್ನು ರಾಜ್ಯದ ಡಿಬಿಟಿ ಆ್ಯಪಿನಲ್ಲಿ ನೋಡಬಹುದು. ಇಷ್ಟು ಗೊತ್ತಿದ್ದವರು ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಂಡರು. ಗೊತ್ತಿಲ್ಲದವರು ‘ದುಡ್ಡು ಬಂದಿಲ್ಲ’ ಎಂದಷ್ಟೇ ತಿಳಿದು ಸುಮ್ಮನಾದರು.

ಬೀದಿ ವ್ಯಾಪಾರಿಗಳಿಗೆ ಕೇಂದ್ರ 2020ರ ಜೂನ್ 1ರಂದು ಆರಂಭಿಸಿದ ಪಿಎಂ ಸ್ವನಿಧಿ ಉಚಿತ ಹಣವಲ್ಲ, ಸಾಲ: ಆಗ ಅಡಮಾನವಿಲ್ಲದ 10,000 ರೂಪಾಯಿ, ಸರಿಯಾಗಿ ಕಟ್ಟಿದರೆ ಶೇ 7ರ ಬಡ್ಡಿ ಸಹಾಯಧನ, ಮುಂದೆ 20,000, ಆಮೇಲೆ 50,000. ಇದರಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ಸಮೀಕ್ಷೆಯಲ್ಲಿ ಬಿಟ್ಟುಹೋದವರು ನಗರ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದೂ ಅರ್ಜಿ ಹಾಕಬಹುದಿತ್ತು. ಮುಂದಿನ ವರ್ಷ ರಾಜ್ಯ 2,000 ರೂಪಾಯಿ ಕೊಟ್ಟಾಗ, ಹೀಗೆ ದಾಖಲಾದ 2.20 ಲಕ್ಷ ವ್ಯಾಪಾರಿಗಳ ಪಟ್ಟಿ ಸಿದ್ಧವಾಗಿ ಕೈಯಲ್ಲಿತ್ತು.

ಪಟ್ಟಿಯ ಹೊರಗಿದ್ದವರು

ಲಾಕ್‌ಡೌನ್ ಶುರುವಾದ ಮೂರನೇ ದಿನ ಹುಟ್ಟಿಕೊಂಡ ಸ್ವಯಂಸೇವಕರ ಜಾಲ ‘ಸ್ವಾನ್’, ದಾರಿ ಮಧ್ಯೆ ಸಿಕ್ಕಿಬಿದ್ದ ಕಾರ್ಮಿಕರ ಫೋನ್ ಕರೆಗಳಿಗೆ ಉತ್ತರಿಸುತ್ತ ವಿವರ ದಾಖಲಿಸಿಕೊಂಡಿತು. ಏಪ್ರಿಲ್ ಮಧ್ಯದಲ್ಲಿ ಅದು ಹೊರತಂದ ವರದಿಯಲ್ಲಿ 11,159 ಕಾರ್ಮಿಕರ ಮಾಹಿತಿ ಇತ್ತು. ಅವರಲ್ಲಿ ಶೇ 96ರಷ್ಟು ಜನರಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ಶೇ 89ರಷ್ಟು ಜನರಿಗೆ ಮಾಲೀಕರು ಲಾಕ್‌ಡೌನ್ ದಿನಗಳ ಕೂಲಿ ಕೊಟ್ಟಿರಲಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರನ್ನು ನೋಂದಾಯಿಸಬೇಕೆಂಬ ಕಾಯ್ದೆ 1979ರಿಂದಲೂ ಇತ್ತು. ನಲವತ್ತು ವರ್ಷ ಆ ಕೆಲಸ ಸರಿಯಾಗಿ ನಡೆಯದ್ದರ ಬೆಲೆಯನ್ನು ತೆತ್ತವರು ಹೆದ್ದಾರಿಯಲ್ಲಿ ಮಕ್ಕಳನ್ನು ಹೊತ್ತು ನಡೆದವರು.

ನ್ಯಾಯಾಲಯ ಕೆಲವೊಮ್ಮೆ ಬೇಲಿ ಮುರಿಯಿತು. ಲೈಂಗಿಕ ಕಾರ್ಯಕರ್ತೆಯರಿಗೆ ಗುರುತಿನ ಚೀಟಿ ಕೇಳದೆ ಪಡಿತರ ಕೊಡಬೇಕೆಂದು 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅವರನ್ನು ಗುರುತಿಸಲು ಏಡ್ಸ್ ನಿಯಂತ್ರಣ ಸಂಸ್ಥೆಯ ಮಾಹಿತಿ ಸಾಕೆಂದಿತು. ವಿಳಾಸದ ಪುರಾವೆಯೇ ಇಲ್ಲದವರಿಗೂ ನೆರವು ಮುಟ್ಟಿಸಲು ಸಾಧ್ಯ, ಮನಸ್ಸು ಬೇಕಷ್ಟೆ ಎಂಬುದಕ್ಕೆ ಈ ಆದೇಶ ಸಾಕ್ಷಿ.

ಸಂಬಳದಾರರು, ಸಾಲಗಾರರು

ತಿಂಗಳ ಸಂಬಳದವರಿಗೆ ಸಿಕ್ಕ ನೆರವು ಬಹುಪಾಲು ಅವರದೇ ಹಣ. ಭವಿಷ್ಯನಿಧಿಯಿಂದ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯಲ್ಲಿರುವುದರ ಶೇ 75, ಯಾವುದು ಕಡಿಮೆಯೋ ಅಷ್ಟನ್ನು ಮರಳಿಸಬೇಕಿಲ್ಲದ ಮುಂಗಡವಾಗಿ ತೆಗೆಯಲು ಅವಕಾಶವಾಯಿತು. ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಿಡುವು ಕೊಟ್ಟಿತು. ಕಂತು ಮನ್ನಾ ಆಯಿತೆಂದು ತಿಳಿದವರು ಬಹಳ. ನಿಜದಲ್ಲಿ ಬಡ್ಡಿ ಬೆಳೆಯುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಸರ್ಕಾರವೇ ಭರಿಸಿ ಆ ನವೆಂಬರ್‌ನಲ್ಲಿ ಖಾತೆಗಳಿಗೆ ಮರಳಿಸಿತು.

ಹೆಚ್ಚು ಜನರಿಗೆ ತಿಳಿಯದೆ ಹೋದದ್ದು ಇಎಸ್ಐ ನಿರುದ್ಯೋಗ ಭತ್ಯೆ. ‘ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ’ ಯೋಜನೆಯಡಿ ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ವೇತನದ ಶೇ 25ರ ಬದಲು ಶೇ 50ರಷ್ಟನ್ನು 90 ದಿನಗಳವರೆಗೆ ಕೊಡಲು 2020ರಲ್ಲಿ ನಿಯಮ ಸಡಿಲಿಸಿದರು. ಮಾಲೀಕರ ಮೂಲಕ ಹೋಗದೆ ನೇರವಾಗಿ ಇಎಸ್ಐ ಶಾಖೆಗೆ ಅರ್ಜಿ ಕೊಡಬಹುದಿತ್ತು. ಪ್ರತಿ ತಿಂಗಳು ಇಎಸ್ಐ ಕಟ್ಟುವ, ಬಾಗಿಲು ಮುಚ್ಚಿದ ಕಾರ್ಖಾನೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ 5 ಕೆ.ಜಿ. ಅಕ್ಕಿಗಿಂತ ಎಷ್ಟೋ ಪಾಲು ದೊಡ್ಡ ನೆರವು ಇದು. ಟಿವಿಯಲ್ಲಿ ಇದರ ಮಾತು ಬಂದದ್ದು ಅಪರೂಪ.

ಸಾವಿನ ಪರಿಹಾರ

4 ಲಕ್ಷ ರೂಪಾಯಿಯ ಪ್ರಶ್ನೆಯನ್ನು ಅರ್ಜಿದಾರರು ಸುಪ್ರೀಂ ಕೋರ್ಟಿಗೆ ಒಯ್ದರು. ಅಷ್ಟು ಕೊಟ್ಟರೆ ರಾಜ್ಯಗಳ ವಿಪತ್ತು ನಿಧಿಯೇ ಬರಿದಾಗುತ್ತದೆಂದು ಕೇಂದ್ರ ವಾದಿಸಿತು. ಮೊತ್ತವನ್ನು ತಾನು ನಿಗದಿಪಡಿಸುವುದಿಲ್ಲ, ಆದರೆ 12ನೇ ಕಲಮಿನ ಪ್ರಕಾರ ಪರಿಹಾರಕ್ಕೆ ಮಾರ್ಗಸೂಚಿ ರೂಪಿಸುವುದು ಕಡ್ಡಾಯ ಎಂದು 2021ರ ಜೂನ್ 30ರಂದು ನ್ಯಾಯಾಲಯ ತೀರ್ಪಿತ್ತಿತು. ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಪ್ರಾಧಿಕಾರ 50,000 ರೂಪಾಯಿ ನಿಗದಿಪಡಿಸಿತು. ಕರ್ನಾಟಕ ಅದಕ್ಕೂ ಮೊದಲೇ, ಜೂನ್‌ನಲ್ಲಿ, ದುಡಿಯುವ ಸದಸ್ಯರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಘೋಷಿಸಿತ್ತು. ಎರಡೂ ಸೇರಿ ಅಂಥ ಕುಟುಂಬಕ್ಕೆ ಒಂದೂವರೆ ಲಕ್ಷ.

ಇಲ್ಲಿಯೂ ಕಾಗದದ ತೊಡಕು. ಎರಡನೇ ಅಲೆಯಲ್ಲಿ ಹಾಸಿಗೆ ಸಿಗದೆ ಮನೆಯಲ್ಲೇ ಸತ್ತವರು, ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಹೋದವರು, ಸಿ.ಟಿ. ಸ್ಕ್ಯಾನ್ ಮಾತ್ರ ಮಾಡಿಸಿದ್ದವರು ಸಾವಿರಾರು. ಮರಣ ಪತ್ರದಲ್ಲಿ ಕೋವಿಡ್ ಎಂಬ ಪದವಿಲ್ಲ, ರೋಗಿ ಸಂಖ್ಯೆ ಇಲ್ಲ. ಪರೀಕ್ಷೆಯಲ್ಲಿ ಸೋಂಕು ಪತ್ತೆಯಾದ 30 ದಿನದೊಳಗಿನ ಸಾವು, ಅದು ಆಸ್ಪತ್ರೆಯ ಹೊರಗೇ ಆಗಿದ್ದರೂ, ಕೋವಿಡ್ ಸಾವೇ ಎಂದು ಮಾರ್ಗಸೂಚಿ ಹೇಳಿತು. ಸೋಂಕು ತಗುಲಿ 30 ದಿನದೊಳಗೆ ಆತ್ಮಹತ್ಯೆ ಮಾಡಿಕೊಂಡವರ ಕುಟುಂಬಕ್ಕೂ ಪರಿಹಾರವಿದೆ ಎಂದಾಯಿತು. ಮರಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದೆಂದು ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಹೇಳಿತು. ತಕರಾರುಗಳನ್ನು ಕೇಳಲು ಜಿಲ್ಲೆಗೊಂದು ಸಮಿತಿ ಬಂತು. ಬೇರೆ ಪರಿಹಾರಗಳಂತೆ ಇದಕ್ಕೂ ವಾರಸುದಾರರು ಯಾರೆಂದು ತೋರಿಸಲು ನಾಡ ಕಚೇರಿಯಿಂದ ವಂಶವೃಕ್ಷ ತರಬೇಕಿತ್ತು.

ಫಲ ಬೆರಗು ಹುಟ್ಟಿಸುವಂಥದ್ದು. ಗುಜರಾತಿನ ಅಧಿಕೃತ ಸಾವಿನ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿದ್ದಾಗ ಅಲ್ಲಿ ಮಂಜೂರಾದ ಪರಿಹಾರದ ಅರ್ಜಿಗಳು ಅದರ ಹಲವು ಪಟ್ಟಾದವು. ಸಾವನ್ನು ಎಣಿಸುವ ಕಚೇರಿ ಬಿಟ್ಟುಬಿಟ್ಟದ್ದನ್ನು ಪರಿಹಾರ ಕೊಡುವ ಕಚೇರಿ ಒಪ್ಪಿಕೊಂಡಿತು. ಸುಳ್ಳು ಅರ್ಜಿಗಳ ಶಂಕೆಯಿಂದ ಗುಜರಾತ್, ಮಹಾರಾಷ್ಟ್ರ, ಕೇರಳ ಮತ್ತು ಆಂಧ್ರದಲ್ಲಿ ಶೇ 5ರಷ್ಟು ಅರ್ಜಿಗಳ ತಪಾಸಣೆಗೆ 2022ರ ಮಾರ್ಚ್‌ನಲ್ಲಿ ನ್ಯಾಯಾಲಯ ಅನುಮತಿಸಿತು. ಮುಂದಿನ ಸಾವುಗಳಿಗೆ 90 ದಿನದೊಳಗೆ ಅರ್ಜಿ ಹಾಕಬೇಕೆಂಬ ಗಡುವೂ ಬಂತು.

ಸರ್ಕಾರಿ ಪರಿಹಾರಕ್ಕೆ ಅಲೆದ ಎಷ್ಟೋ ಮನೆಗಳ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹಕ್ಕು ಅಡಗಿತ್ತು. ಬ್ಯಾಂಕ್ ಖಾತೆಯಿಂದ ಆಗ ವರ್ಷಕ್ಕೆ 330 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನಜ್ಯೋತಿ ವಿಮೆಯ ಕಂತು. ಕೋವಿಡ್ ಸಾವಿಗೂ 2 ಲಕ್ಷ ರೂಪಾಯಿ ಸಿಗುತ್ತಿತ್ತು. ಭವಿಷ್ಯನಿಧಿ ಸದಸ್ಯರ ವಾರಸುದಾರರಿಗೆ ಅದಕ್ಕೆ ಜೋಡಿಸಿದ ವಿಮೆಯಿಂದ 7 ಲಕ್ಷದವರೆಗೆ ಬರಬಹುದಿತ್ತು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ‘ಬಾಲಸೇವಾ’ ಯೋಜನೆ ತಿಂಗಳಿಗೆ 3,500 ರೂಪಾಯಿ ಕೊಟ್ಟರೆ, ಪಿಎಂ ಕೇರ್ಸ್ ಯೋಜನೆ 18 ತುಂಬುವಾಗ 10 ಲಕ್ಷವಾಗುವಂತೆ ನಿಧಿ ಇಟ್ಟು, 23ನೇ ವಯಸ್ಸಿನಲ್ಲಿ ಅದನ್ನು ಕೈಗೊಪ್ಪಿಸುತ್ತದೆ.

ಹೊರನಾಡು, ಪರದೇಶ

ಅಮೆರಿಕದಲ್ಲಿ ತೆರಿಗೆ ಇಲಾಖೆಯ ಕಡತವೇ ಪಟ್ಟಿ. 2020ರ ಮಾರ್ಚ್ 27ರ ಕಾಯ್ದೆಯಂತೆ ವಯಸ್ಕರಿಗೆ 1,200 ಡಾಲರ್, ಮಗುವಿಗೆ 500 ಡಾಲರ್ ತಾನಾಗಿ ಬಂತು. ಎಚ್-1ಬಿ ವೀಸಾದಲ್ಲಿ ತೆರಿಗೆ ಕಟ್ಟುತ್ತಿದ್ದ ಕನ್ನಡಿಗರೂ ಇದಕ್ಕೆ ಅರ್ಹರಾಗಿದ್ದರು. ಆದರೆ ಗಂಡ ಹೆಂಡತಿ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸಿ, ಅವರಲ್ಲಿ ಒಬ್ಬರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಇಡೀ ಮನೆಗೇ ಹಣ ಇಲ್ಲ. ಕೆಲಸದ ಪರವಾನಗಿ ಇಲ್ಲದ ಎಚ್-4 ಸಂಗಾತಿಗಳಿರುವ ಮನೆಗಳು ಹೀಗೆ ತಪ್ಪಿಸಿಕೊಂಡವು. ಆ ಡಿಸೆಂಬರ್‌ನ ಕಾನೂನು ಈ ತಪ್ಪನ್ನು ಹಿಂದಿನಿಂದ ಅನ್ವಯವಾಗುವಂತೆ ತಿದ್ದಿತು. ಬ್ರಿಟನ್ನಿನಲ್ಲಿ ಮಾಲೀಕರ ಮೂಲಕವೇ ಸಂಬಳದ ಶೇ 80ರಷ್ಟು, ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ, ಬಂತು. ಕೆಲಸಗಾರರು ಅರ್ಜಿಯನ್ನೇ ಹಾಕಬೇಕಿರಲಿಲ್ಲ.

ಬಡ ದೇಶವೊಂದು ಹೊಸ ಪಟ್ಟಿಯನ್ನು ಎಷ್ಟು ಬೇಗ ಕಟ್ಟಬಹುದೆಂಬುದನ್ನು ಪಶ್ಚಿಮ ಆಫ್ರಿಕದ ಟೋಗೊ ತೋರಿಸಿತು. ಅಲ್ಲಿ ಅದೇ ವರ್ಷ ಚುನಾವಣೆಗಾಗಿ ಮಾಡಿದ್ದ ಮತದಾರರ ಪಟ್ಟಿಯಲ್ಲಿ ಜನರ ವೃತ್ತಿಯೂ ದಾಖಲಾಗಿತ್ತು. ಏಪ್ರಿಲ್‌ನಲ್ಲಿ ಶುರುವಾದ ‘ನೊವಿಸ್ಸಿ’ ಯೋಜನೆಯಲ್ಲಿ ಇಂಟರ್ನೆಟ್ ಇಲ್ಲದ ಸಾದಾ ಫೋನಿನಿಂದ ಸಂಕೇತ ಸಂಖ್ಯೆ ಒತ್ತಿ, ಮತದಾರರ ಚೀಟಿಯ ವಿವರ ಕೊಟ್ಟರೆ ಹಣ ಮೊಬೈಲಿಗೇ ಬರುತ್ತಿತ್ತು. ಹೆಂಗಸರಿಗೆ ಗಂಡಸರಿಗಿಂತ ಸ್ವಲ್ಪ ಹೆಚ್ಚು. ಬ್ರೆಜಿಲ್ ಆ್ಯಪ್ ಮೂಲಕ ಹೊಸಬರನ್ನು ಸೇರಿಸಿಕೊಂಡು ಆರೂವರೆ ಕೋಟಿಗೂ ಹೆಚ್ಚು ಜನರಿಗೆ ತಿಂಗಳಿಗೆ 600 ರಿಯಾಲ್ ಕೊಟ್ಟಿತು. ಪಾಕಿಸ್ತಾನದ ‘ಎಹ್ಸಾಸ್’ ಯೋಜನೆಯಲ್ಲಿ 8171ಕ್ಕೆ ಗುರುತಿನ ಸಂಖ್ಯೆಯನ್ನು ಮೆಸೇಜ್ ಮಾಡಿದರೆ ಅರ್ಹರೋ ಅಲ್ಲವೋ ತಿಳಿಯುತ್ತಿತ್ತು. ಮೂರರಲ್ಲೂ ಸಮಾನವಾದದ್ದು: ಅರ್ಜಿ ಹಾಕುವ ಬಾಗಿಲು ತೆರೆದಿತ್ತು, ಕಚೇರಿಗೆ ಹೋಗಬೇಕಿರಲಿಲ್ಲ.

ಇ-ಶ್ರಮ್ ಮತ್ತು ನಂತರ

ಭಾರತದಲ್ಲಿ ಅಂಥ ಪಟ್ಟಿಯ ಕೆಲಸ ಸುಪ್ರೀಂ ಕೋರ್ಟಿನ ಒತ್ತಾಯದ ಮೇಲೆ 2021ರ ಆಗಸ್ಟ್ 26ರಂದು ಇ-ಶ್ರಮ್ ಪೋರ್ಟಲ್ ರೂಪದಲ್ಲಿ ಶುರುವಾಯಿತು. 16ರಿಂದ 59 ವರ್ಷದ, ಆದಾಯ ತೆರಿಗೆ ಕಟ್ಟದ, ಪಿಎಫ್ ಮತ್ತು ಇಎಸ್ಐ ಇಲ್ಲದ ಯಾವ ಅಸಂಘಟಿತ ಕಾರ್ಮಿಕರೂ ಆಧಾರ್ ಮತ್ತು ಮೊಬೈಲ್ ಇದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಹನ್ನೆರಡು ಅಂಕಿಯ ಸಂಖ್ಯೆ ಪಡೆಯಬಹುದು. ಇದುವರೆಗೆ 30 ಕೋಟಿಗೂ ಹೆಚ್ಚು ಜನ ನೋಂದಾಯಿಸಿಕೊಂಡಿದ್ದಾರೆ. ಆ ಸಂಖ್ಯೆ ಇದ್ದ ಮಾತ್ರಕ್ಕೆ ತಿಂಗಳ ಹಣವೇನೂ ಬರುವುದಿಲ್ಲ. ಆದರೆ ಅದರಿಂದ ಇನ್ನೊಂದು ಕೆಲಸವಾಯಿತು. ಇ-ಶ್ರಮ್ ಪಟ್ಟಿಯನ್ನು ಪಡಿತರದ ಪಟ್ಟಿಯೊಂದಿಗೆ ಹೋಲಿಸಿ ನೋಡಿದಾಗ, ನೋಂದಾಯಿಸಿಕೊಂಡವರಲ್ಲಿ ಸುಮಾರು 8 ಕೋಟಿ ಜನರ ಬಳಿ ಪಡಿತರ ಚೀಟಿಯೇ ಇಲ್ಲವೆಂದು ಲೆಕ್ಕ ಸಿಕ್ಕಿತು. ಅವರಿಗೆ ಚೀಟಿ ಕೊಡಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಕೆಲಸ ಮುಗಿಯದ್ದರಿಂದ 2024ರ ಮಾರ್ಚ್‌ನಲ್ಲಿ, ಕಾಯ್ದೆಯ ಮಿತಿಯ ನೆಪ ಹೇಳದೆ ಎರಡು ತಿಂಗಳೊಳಗೆ ಕೊಡಿ ಎಂದು ಮತ್ತೆ ಆದೇಶಿಸಿತು.